ವಿಮಾನದ ಬಯಲಿನ ಒಂದು ಸುಗ್ಗಿ

ಹೋದ ತಿಂಗಳು ಕೋಟೆ ಕಡೆಯಿಂದ ಬರುವಾಗ ಒಂದು ಹಳೆಯ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಅಂಗಳದಲ್ಲಿ ಅರ್ಧಕ್ಕೆ ಕತ್ತರಿಸಿದ ತಗಡಿನ ಡ್ರಮ್ಮಿಗೆ ಯಾರೋ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದಿದ್ದರು. ಅದು ಕೊತಕೊತ ಕುದಿಯುತ್ತ ಹಬೆ ಬಿಡುತ್ತಿತ್ತು. ಈಗ ಎಲ್ಲರೂ ಗೋಡೆಗೆ ಡಬ್ಬದ ಬಣ್ಣ ಬಳಿಯುವವರೇ. ಹಸಿ ಸುಣ್ಣದ ವಾಸನೆ ಮೂಗಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ. ಡ್ರಮ್ಮಿನ ಪಕ್ಕ ನಿಂತಿದ್ದ ಮುದುಕ ನನ್ನನ್ನು ನೋಡಿ, "ಏನ್ ಬೇಕಿತ್ತಮ್ಮ?" ಎಂದ.

"ಇದಕ್ಕೆ ಬೆಲ್ಲ ಹಾಕಿದೀರಾ?" ಎಂದು ಕೇಳಿದೆ.

"ಒಂದಚ್ಚು ಹಾಕಿದೀನಿ, ಗಟ್ಟಿಯಾಗಿ ಕೂತ್ಕೊಳ್ಳಲಿ ಅಂತ."

"ಅಷ್ಟು ಸಾಕು. ಜಾಸ್ತಿ ಹಾಕ್ಬೇಡಿ," ಎಂದು ಹೇಳಿ ಗಾಡಿ ಹತ್ತಿದೆ. ತಲೆ ಕೆಟ್ಟ ಹೆಂಗಸು ಎಂದುಕೊಂಡಿರಬೇಕು. ಸುಣ್ಣಕ್ಕೆ ಬೆಲ್ಲ ಎಷ್ಟು ಹಾಕಬೇಕು ಎಂಬುದನ್ನು ಈ ಊರಿನಲ್ಲಿ ನನ್ನಷ್ಟು ಪಾಡು ಪಟ್ಟು ಕಲಿತವರು ಇನ್ನೊಬ್ಬರಿಲ್ಲ ಎಂದು ಅವನಿಗೇನು ಗೊತ್ತು?

ಆಗ ತೊಂಬತ್ತರ ದಶಕ ಇನ್ನೇನು ಮುಗಿಯುತ್ತಿತ್ತು. ನನಗೆ ಇಪ್ಪತ್ತೈದು ವರ್ಷ. ಊರಿನ ಚರಂಡಿ, ಬೀದಿ ದೀಪ, ರಸ್ತೆಗಳನ್ನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್ ಆಗಿ ಸೇರಿ ವರ್ಷ ತುಂಬಿರಲಿಲ್ಲ. ಕಚೇರಿಯ ಹೆಸರು ಬೇಡ, ಅಲ್ಲಿದ್ದವರೆಲ್ಲ ಈಗ ಮೊಮ್ಮಕ್ಕಳನ್ನು ಆಡಿಸಿಕೊಂಡು ಸುಖವಾಗಿದ್ದಾರೆ. ನನ್ನ ಜೊತೆಗೆ ಸೇರಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ರಸ್ತೆ ಸಿಕ್ಕಿತು, ಇನ್ನೊಬ್ಬನಿಗೆ ಕುಡಿಯುವ ನೀರು ಸಿಕ್ಕಿತು. ನನಗೆ ವಿಮಾನ ಸಿಕ್ಕಿತು.

ನಗಬೇಡಿ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಗದ್ದೆ ಬಯಲಿನ ನಡುವೆ ಇಪ್ಪತ್ತು ನಿಮಿಷ ನಡೆದರೆ ಒಂದು ಟಾರಿನ ಪಟ್ಟಿ ಸಿಗುತ್ತಿತ್ತು. ಬಹಳ ಹಿಂದೆ ಯಾವುದೋ ಕಂಪನಿಯವರು ತಮ್ಮ ಸಾಹುಕಾರರ ಪುಟ್ಟ ವಿಮಾನ ಇಳಿಯಲೆಂದು ಮಾಡಿಸಿದ್ದು. ಕಂಪನಿ ಮುಚ್ಚಿತು, ವಿಮಾನ ಮಾರಿಹೋಯಿತು, ನೆಲ ಮಾತ್ರ ನಮ್ಮ ಕಚೇರಿಯ ಕೊರಳಿಗೆ ಬಿತ್ತು. ಕಾಗದದಲ್ಲಿ ಅದು ವಿಮಾನ ನಿಲ್ದಾಣ. ಸುತ್ತಲಿನ ಜನರ ಬಾಯಲ್ಲಿ ವಿಮಾನದ ಬಯಲು. ವರ್ಷಕ್ಕೆ ಒಂದೋ ಎರಡೋ ಸಲ ಯಾರಾದರೂ ಮಂತ್ರಿಯೋ ಸಾಹುಕಾರರೋ ಬಂದಿಳಿದರೆ ಹೆಚ್ಚು. ಉಳಿದ ದಿನವೆಲ್ಲ ಅಲ್ಲಿ ಇಳಿಯುತ್ತಿದ್ದದ್ದು ಬೆಳ್ಳಕ್ಕಿಗಳೇ.

ನಾನು ಮೊದಲ ಸಲ ಹೋದದ್ದು ದಸರಾ ಮುಗಿದ ಮಾರನೆಯ ವಾರ. ಮಳೆಗಾಲದ ಹುಲ್ಲು ಸೊಂಟದ ತನಕ ಬೆಳೆದು ಎರಡೂ ಕಡೆಯಿಂದ ಟಾರಿನ ಮೇಲೆ ಬಾಗಿತ್ತು. ಒಂದು ತಗಡಿನ ಕೋಣೆ, ಒಂದು ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ಗಾಳಿ ಯಾವ ಕಡೆಗೆ ಎಂದು ತೋರಿಸಬೇಕಿದ್ದ ಚೀಲದ ಚಿಂದಿ. ಕೋಣೆಯ ಮುಂದೆ ಸೈಕಲ್ ಒರಗಿಸಿಕೊಂಡು ಒಬ್ಬರು ನಿಂತಿದ್ದರು. ಖಾಕಿ ಅಂಗಿ, ಮಡಚಿ ಕಟ್ಟಿದ ಲುಂಗಿ, ಐವತ್ತರ ಆಸುಪಾಸಿನ ವಯಸ್ಸು. ಅವರೇ ಮುರುಗೇಶಣ್ಣ, ಭದ್ರಾವತಿ ಓಲ್ಡ್ ಟೌನಿನವರು. ಹದಿನಾಲ್ಕು ವರ್ಷದಿಂದ ದಿನಗೂಲಿಯ ಮೇಲೆ ಆ ಬಯಲನ್ನು ಕಾಯುತ್ತಿದ್ದರು.

"ಬನ್ನಿ ಮೇಡಮ್, ಕಾಲು ನೋಡಿ ಇಡಿ," ಎಂದರು. "ಇಲ್ಲಿ ಹಾವು ಜಾಸ್ತಿ. ಏನೂ ಮಾಡಲ್ಲ, ಬಿಸಿಲು ಕಾಯಿಸಕ್ಕೆ ಬರ್ತಾವೆ, ಅಷ್ಟೆ."

ಆ ದಿನ ಅವರು ನನ್ನನ್ನು ಪಟ್ಟಿಯ ಈ ತುದಿಯಿಂದ ಆ ತುದಿಗೆ ನಡೆಸಿಕೊಂಡು ಹೋದರು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಟಾರು ಬಿರಿದಿದೆ, ಯಾರ ಮನೆಯ ಎಮ್ಮೆ ಯಾವ ಹೊತ್ತಿಗೆ ನುಗ್ಗುತ್ತದೆ, ಎಲ್ಲವನ್ನೂ ಹೇಳಿದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ಕಲಿತವಳು ನಾನು. ಆ ಒಂದು ಗಂಟೆಯಲ್ಲಿ ಕಲಿತಷ್ಟನ್ನು ಅಲ್ಲಿ ಯಾರೂ ನನಗೆ ಕಲಿಸಿರಲಿಲ್ಲ.

ಇಷ್ಟು ದೊಡ್ಡ ಬಯಲಿಗೆ ಕಚೇರಿ ಕೊಡುತ್ತಿದ್ದ ಹಣ ಎಷ್ಟೆಂದರೆ, ಟಾರಿಗೆ ಕೊಟ್ಟರೆ ಬಣ್ಣಕ್ಕಿಲ್ಲ, ಬಣ್ಣಕ್ಕೆ ಕೊಟ್ಟರೆ ಪೊರಕೆಗಿಲ್ಲ. ಬೇರೆಯವರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರೇನೋ. ನಾನು ಶಿವಮೊಗ್ಗದ ಗಾಂಧಿ ಬಜಾರಿನ ದಿನಸಿ ಅಂಗಡಿಯವರ ಮಗಳು. ಚೀಲಕ್ಕೆ ಸುತ್ತಿದ ಹುರಿಯನ್ನು ಬಿಚ್ಚಿ ಉಂಡೆ ಮಾಡಿಡುವ ಮನೆಯಲ್ಲಿ ಬೆಳೆದವಳು. ದುಡ್ಡಿಲ್ಲದೆ ಕೆಲಸ ಮಾಡಿಸಿ ತೋರಿಸುತ್ತೇನೆ ಎಂಬ ಜಂಭ ನನಗೆ ಆಗಲೇ ನೆತ್ತಿಗೇರಿತ್ತು.

ಕಾರ್ತಿಕ ಕಳೆಯುವ ಹೊತ್ತಿಗೆ ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲು ಶುರುವಾಯಿತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ವಿಮಾನ ಇಳಿಯುವ ಪಟ್ಟಿಯ ಮೇಲೆ ಉದ್ದಕ್ಕೂ ಭತ್ತ ಹರಡಿದೆ. ಹತ್ತಾರು ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತ ಓಡಾಡುತ್ತಿದ್ದಾರೆ. ನಾನು ಕೂಗಾಡಿದೆ. ಇದು ಸರ್ಕಾರಿ ನೆಲ, ಪೊಲೀಸರನ್ನು ಕರೆಸುತ್ತೇನೆ, ಇತ್ಯಾದಿ. ಎಲ್ಲರೂ ಒಬ್ಬಳ ಮುಖ ನೋಡಿದರು. ಪಕ್ಕದ ಹಳ್ಳಿಯ ಗಂಗಮ್ಮ. ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡು ನಿಧಾನವಾಗಿ ನನ್ನ ಹತ್ತಿರ ಬಂದಳು.

"ಯಾಕ್ ಮೇಡಮ್ಮೋರೆ ಗಂಟ್ಲು ಹರ್ಕೊಂತೀರ? ನಿಮ್ಮ ವಿಮಾನ ಬರೋದು ವರ್ಷಕ್ಕೊಂದ್ಸಲ. ನಮ್ಮ ಭತ್ತ ಬರೋದೂ ಒಂದ್ಸಲವೇ. ಎರಡೂ ಒಂದೇ ದಿನ ಬಂದ್ರೆ ಆಗ ಜಗಳ ಆಡೋಣ."

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆಮೇಲೆ ನಾವಿಬ್ಬರೂ ತಗಡಿನ ಕೋಣೆಯ ಮುಂದೆ ಕೂತು ಒಪ್ಪಂದ ಮಾಡಿಕೊಂಡೆವು. ಅರ್ಧ ಪಟ್ಟಿ ಅವರಿಗೆ, ಸುಗ್ಗಿ ಮುಗಿಯುವ ತನಕ. ಎರಡೂ ಪಕ್ಕದ ಹುಲ್ಲು ಅವರ ದನಗಳಿಗೆ, ಬಿಟ್ಟಿ. ಬದಲಿಗೆ ಹುಲ್ಲನ್ನು ಬುಡದ ತನಕ ಅವರೇ ಕೊಯ್ಯಬೇಕು, ಪಟ್ಟಿಯನ್ನು ದಿನಾ ಗುಡಿಸಬೇಕು, ವಿಮಾನ ಬರುವ ಸುದ್ದಿ ಬಂದರೆ ಒಂದು ಕಾಳೂ ಇಲ್ಲದಂತೆ ಎತ್ತಬೇಕು. ಗಂಗಮ್ಮ ಕೈ ಮೇಲೆ ಕೈ ಹೊಡೆದು ಒಪ್ಪಿದಳು. ಎರಡು ವಾರದಲ್ಲಿ ಬಯಲು ಕ್ಷೌರ ಮಾಡಿಸಿಕೊಂಡ ಹಾಗೆ ಆಯಿತು. ಮುರುಗೇಶಣ್ಣನೂ ಅವರ ಜೊತೆ ಕುಡುಗೋಲು ಹಿಡಿದಿದ್ದರು.

ನಾನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮಾಡಿದ ಉಪಾಯವನ್ನು ಮೇಲಿನವರಿಗೆ ತಿಳಿಸದಿದ್ದರೆ ಸಮಾಧಾನ ಎಲ್ಲಿಂದ ಬರಬೇಕು? ಕಚೇರಿಗೆ ಒಂದು ಪುಟದ ಟಿಪ್ಪಣಿ ಬರೆದೆ. ಹುಲ್ಲು ಕತ್ತರಿಸುವ ಕೆಲಸವನ್ನು ಗ್ರಾಮಸ್ಥರಿಂದಲೇ ಉಚಿತವಾಗಿ ಮಾಡಿಸಲಾಗುತ್ತಿದೆ, ಇನ್ನು ಮುಂದೆ ಆ ಬಾಬ್ತಿಗೆ ಹಣದ ಅವಶ್ಯಕತೆ ಇರುವುದಿಲ್ಲ ಎಂದು ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಶಭಾಷ್ ಎನ್ನುತ್ತಾರೆ ಎಂದು ಕಾದೆ. ಯಾರೂ ಏನೂ ಅನ್ನಲಿಲ್ಲ.

ತಿಂಗಳ ಮೊದಲ ವಾರ ಮುರುಗೇಶಣ್ಣ ಕೂಲಿ ತರಲು ಕಚೇರಿಗೆ ಹೋಗಿ ಬರಿಗೈಯಲ್ಲಿ ಬಂದರು. ಸೈಕಲ್ ನಿಲ್ಲಿಸಿ ಎಂದಿನಂತೆ ಕೋಣೆಯ ಬೀಗ ತೆಗೆದರು. ನಾನೇ ಕೇಳಿದೆ.

"ಏನಾಯ್ತು ಮುರುಗೇಶಣ್ಣ?"

"ನಂದು ನಿಂತೋಯ್ತು ಮೇಡಮ್." ಅವರು ನನ್ನ ಮುಖ ನೋಡದೆ ಹೇಳಿದರು. "ಕಾವಲುಗಾರ ಅಂತ ನಂಗೆ ಯಾವತ್ತೂ ಕೊಟ್ಟಿಲ್ಲ. ಆ ಪೋಸ್ಟೇ ಇಲ್ವಂತೆ. ಹುಲ್ಲು ಕತ್ತರಿಸೋ ಕೂಲಿ ಅಂತ ಬರ್ದು ಕೊಡ್ತಿದ್ರು. ಈಗ ಆ ಬಾಬ್ತು ತೆಗೆದುಬಿಟ್ಟಿದಾರೆ."

ಹದಿನಾಲ್ಕು ವರ್ಷ ಆ ಮನುಷ್ಯ ಕಾಗದದ ಮೇಲೆ ಬರೀ ಹುಲ್ಲಾಗಿದ್ದರು. ಆ ಹುಲ್ಲನ್ನೂ ನಾನು ಚೆಂದದ ಅಕ್ಷರದಲ್ಲಿ ಕೊಯ್ದು ಹಾಕಿದ್ದೆ. ತಪ್ಪಾಯಿತು ಎಂದು ಹೇಳಲು ಹೋದೆ. ಅವರೇ, "ಬಿಡಿ ಮೇಡಮ್. ನಿಮಗೆ ಹೆಂಗ್ ಗೊತ್ತಾಗ್ಬೇಕು? ಹುಲ್ಲು ಇಲ್ಲ ಅಂತ ಬರ್ದಿದೀರ, ಇಲ್ವಲ್ಲ, ಸರಿಯಾಗೇ ಇದೆ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದೇ ದಿನ ಶಿವಮೊಗ್ಗಕ್ಕೆ ಹೋಗಿ ನಮ್ಮ ಮೇಲಿನ ಇಂಜಿನಿಯರ್ ಸಾಹೇಬರ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ಎಲೆ ಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿದರು.

"ನೋಡಮ್ಮ, ಬೇಡ ಅಂತ ಬರೆದುಕೊಟ್ಟ ಬಾಬ್ತನ್ನ ಮತ್ತೆ ಬೇಕು ಅಂದ್ರೆ ಯಾರೂ ಕೊಡಲ್ಲ. ನಿನ್ನ ಪ್ರೊಬೇಷನ್ನಿಗೂ ಒಳ್ಳೇದಲ್ಲ."

"ಬೇರೆ ದಾರಿ ಏನೂ ಇಲ್ವಾ ಸಾರ್?"

ಒಂದು ದಾರಿ ಇತ್ತು. ರಾಜ್ಯದ ಹಳೆಯ ವಿಮಾನ ಪಟ್ಟಿಗಳಲ್ಲಿ ಯಾವುದು ಬಳಕೆಗೆ ಯೋಗ್ಯ ಎಂದು ನೋಡಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಚಿಕ್ಕ ವಿಮಾನದಲ್ಲಿ ಬರುವವರಿದ್ದರು. ಅವರು ಇಳಿದು, ಯೋಗ್ಯ ಎಂದು ಬರೆದರೆ, ಆಗ ಕಾವಲುಗಾರ ಎಂಬ ಹುದ್ದೆಯನ್ನೇ ಕೇಳಬಹುದು. ಕಾಯಂ ಮಾಡಬೇಕಾದ ದಿನಗೂಲಿಯವರ ಹೆಸರಿನ ಪಟ್ಟಿ ಆಗ ತಯಾರಾಗುತ್ತಿತ್ತು; ಅದರಲ್ಲಿ ಮುರುಗೇಶಣ್ಣನ ಹೆಸರು ಸೇರಿಸಬಹುದು. ಅಧಿಕಾರಿ ಆಗದು ಎಂದರೆ ಬಯಲನ್ನು ಸೈಟುಗಳಾಗಿ ಹಂಚುತ್ತಾರೆ. ಸೈಟಿಗೆ ಕಾವಲುಗಾರ ಬೇಕಿಲ್ಲ.

"ಎಷ್ಟು ದಿನ ಇದೆ ಸಾರ್?"

"ಒಂದು ತಿಂಗಳು ಅಂತ ಇಟ್ಕೋ. ದುಡ್ಡು ಮಾತ್ರ ಕೇಳ್ಬೇಡ."

ಆ ತಿಂಗಳು ಕೂಲಿ ಇಲ್ಲದಿದ್ದರೂ ಮುರುಗೇಶಣ್ಣ ದಿನಾ ಬಂದರು. ಬೇರೆ ಕೆಲಸ ನೋಡಿಕೊಳ್ಳಿ ಎಂದರೆ, "ನಾನು ಹೋದ್ರೆ ಎಮ್ಮೆ ಯಾರು ಓಡಿಸ್ತಾರೆ ಮೇಡಮ್, ನೀವಾ?" ಎಂದು ನಕ್ಕರು. ಅವರ ಹೆಂಡತಿ ನ್ಯೂ ಟೌನಿನಲ್ಲಿ ಕಾರ್ಖಾನೆಯ ಗೇಟಿನ ಹತ್ತಿರ ಇಡ್ಲಿ ಮಾರುತ್ತಿದ್ದರು, ಮನೆ ನಡೆದದ್ದು ಅದರಿಂದಲೇ. ಒಂದು ದಿನ ನನ್ನ ಸಂಬಳದಿಂದ ಸ್ವಲ್ಪ ತೆಗೆದು ಕೊಡಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡರು.

"ದುಡ್ಡು ಬೇಡ ಮೇಡಮ್. ನನ್ ಹೆಸರು ಒಂದು ಪೇಪರ್‌ನಲ್ಲಿ ಬರಬೇಕು, ಅಷ್ಟೆ."

ಮರುದಿನ ಅವರ ಹೆಂಡತಿ ನನಗೆಂದು ಬಾಳೆಎಲೆಯಲ್ಲಿ ಕಟ್ಟಿದ ನಾಲ್ಕು ಇಡ್ಲಿ, ಖಾರದ ಚಟ್ನಿ ಕಳಿಸಿದ್ದರು. ಆ ಇಡ್ಲಿಯನ್ನು ನಾನು ಕಣ್ಣೀರು ಹಾಕಿಕೊಂಡೇ ತಿಂದೆ. ಚಟ್ನಿ ಖಾರ ಎಂದು ಅವರಿಗೆ ಸುಳ್ಳು ಹೇಳಿದೆ.

ಕೆಲಸ ಶುರುವಾಯಿತು. ರಸ್ತೆ ಮಾಡುತ್ತಿದ್ದ ಜೊತೆಯ ಹುಡುಗ ಉಳಿದ ಟಾರು ಕೊಟ್ಟ, ಬಿರುಕು ಮುಚ್ಚಿದೆವು. ಗಾಳಿಚೀಲವನ್ನು ಗಾಂಧಿ ಬಜಾರಿನ ಒಬ್ಬ ಟೈಲರ್ ಹೊಲಿದುಕೊಟ್ಟ. ಅವನಿಗೆ ಎಷ್ಟು ವಿವರಿಸಿದರೂ ತಿಳಿಯದೆ, ಕೊನೆಗೆ ಒಂದೇ ಕಾಲಿನ ಪೈಜಾಮ ಎಂದುಕೊಂಡು ಹೊಲಿದ, ಸರಿಯಾಗೇ ಬಂತು. ಬಟ್ಟೆ ಕೇಸರಿ ಬಣ್ಣದ್ದು. ಕಂಬಕ್ಕೆ ಏರಿಸಿದ ದಿನ ಇಬ್ಬರು ಹಳ್ಳಿಯವರು ಬಂದು ಇಲ್ಲಿ ಯಾವ ದೇವರನ್ನು ಸ್ಥಾಪನೆ ಮಾಡಿದ್ದೀರಿ ಎಂದು ಕೇಳಿದರು.

ಉಳಿದದ್ದು ಬಿಳಿ ಗುರುತುಗಳು. ಪಟ್ಟಿಯ ಎರಡೂ ತುದಿಯಲ್ಲಿ ಮೇಲಿನಿಂದ ಕಾಣುವ ಹಾಗೆ ಆಳೆತ್ತರದ ಅಂಕಿಗಳನ್ನು, ದಪ್ಪ ಗೆರೆಗಳನ್ನು ಬರೆಯಬೇಕು. ಅದಕ್ಕೆಂದೇ ಇರುವ ಬಣ್ಣದ ಬೆಲೆ ಕೇಳಿ ಅಂಗಡಿಯಿಂದ ಹಿಂದಕ್ಕೆ ಬಂದೆ. ಸುಣ್ಣವೇ ಗತಿ. ಆದರೆ ಬರೀ ಸುಣ್ಣ ಗಾಳಿಗೆ ಏಳುತ್ತದೆ, ಇಬ್ಬನಿಗೆ ಕರಗುತ್ತದೆ. ಮನೆಯಲ್ಲಿ ಈ ಕಷ್ಟ ಹೇಳಿಕೊಂಡಾಗ ಅಪ್ಪಾಜಿ ಕನ್ನಡಕದ ಮೇಲಿಂದ ನೋಡಿದರು.

"ಶಶಿ, ನಮ್ಮ ಹಳೇ ಮನೆ ಗೋಡೆ ಅಷ್ಟು ವರ್ಷ ನಿಂತಿದ್ದು ಹೆಂಗೆ? ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಕಲಸ್ತಿದ್ರು. ಗೋದಾಮಲ್ಲಿ ಮಳೆಗೆ ನೀರು ಬಿಟ್ಟ ಬೆಲ್ಲ ಎರಡು ಡಬ್ಬ ಇದೆ. ಮಾರಕ್ಕೆ ಬರಲ್ಲ, ಬಿಸಾಡಕ್ಕೆ ಮನಸ್ಸಿಲ್ಲ. ತಗೊಂಡ್ ಹೋಗು."

ಬಿಸಾಡುವುದು ಎಂಬುದು ನಮ್ಮ ಮನೆಯಲ್ಲಿ ಬೈಗುಳಕ್ಕೆ ಸಮ. ನಾನು ಎರಡೂ ಡಬ್ಬವನ್ನು ಲಗೇಜು ಆಟೋಕ್ಕೆ ಹಾಕಿಸಿಕೊಂಡು ಹೋದೆ. ಕಪ್ಪಗೆ ಜಿಗುಟಾಗಿ ಪಾಕದಂತಾಗಿದ್ದ ಬೆಲ್ಲ. ಸುಣ್ಣ ಅರಳಿಸುತ್ತಿದ್ದ ಮುರುಗೇಶಣ್ಣ ಒಂದು ಚೊಂಬಿನಷ್ಟು ಹಾಕಿ, "ಸಾಕು ಮೇಡಮ್," ಎಂದರು. ಸ್ವಲ್ಪದಿಂದ ಸ್ವಲ್ಪ ಗಟ್ಟಿಯಾದರೆ ಪೂರ್ತಿ ಹಾಕಿದರೆ ಕಲ್ಲಾಗುತ್ತದೆ ಎಂಬುದು ನನ್ನ ಲೆಕ್ಕ. ಒಂದು ಹನಿ ಬಿಡದಂತೆ ಎರಡೂ ಡಬ್ಬ ಸುರಿಸಿದೆ, ಡಬ್ಬ ತೊಳೆದ ನೀರನ್ನೂ ಸೇರಿಸಿದೆ. ಅಂಕಿಗಳು ಅಚ್ಚ ಬಿಳಿ ಬರಲಿಲ್ಲ, ಕೆನೆ ಬಣ್ಣ ಬಂತು. ಆದರೆ ಉಗುರಿನಲ್ಲಿ ಕೆರೆದರೂ ಏಳಲಿಲ್ಲ. ತಪಾಸಣೆಗೆ ನಾಲ್ಕು ದಿನ ಉಳಿದಿತ್ತು. ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಎರಡನೆಯ ದಿನ ಅಂಕಿಗಳ ಮೇಲೆ ಒಂದೊಂದು ಇರುವೆ ಕಂಡಿತು. ಮೂರನೆಯ ದಿನ ಅಂಕಿಗಳೇ ಕಾಣಲಿಲ್ಲ. ಎಲ್ಲಿದ್ದವೋ ಅಷ್ಟೂ ಗೊದ್ದಗಳು, ದಪ್ಪ ಕಪ್ಪು ಇರುವೆಗಳು, ಸಾಲುಗಟ್ಟಿ ಬಂದು ಬೆಲ್ಲದ ಮೇಲೆ ಕೂತುಬಿಟ್ಟಿದ್ದವು. ಗುಡಿಸಿದರೆ ಅರ್ಧ ಗಂಟೆಯಲ್ಲಿ ಮತ್ತೆ ಹಾಜರು. ನಾಲ್ಕನೆಯ ದಿನ, ಅಂದರೆ ತಪಾಸಣೆಯ ಬೆಳಿಗ್ಗೆ, ಮೊದಲ ಬಸ್ಸಿನಲ್ಲಿ ಇಳಿದು ನಡೆದು ಬರುವಾಗ ದೂರದಿಂದಲೇ ಗಲಾಟೆ ಕೇಳಿಸಿತು. ಗೊದ್ದಗಳನ್ನು ತಿನ್ನಲು ಗೊರವಂಕಗಳು ಬಂದಿದ್ದವು. ಭತ್ತ ಎತ್ತಿದ ಮೇಲೂ ಸಂದುಗಳಲ್ಲಿ ಉಳಿದ ಕಾಳಿಗೆ ಗುಬ್ಬಿ, ಪಾರಿವಾಳ. ಇಷ್ಟು ಜನ ಸೇರಿದ್ದಾರೆ, ಏನೋ ಇರಬೇಕು ಎಂದು ಗದ್ದೆಯ ಬೆಳ್ಳಕ್ಕಿಗಳು. ವಿಮಾನ ಇಳಿಯಬೇಕಾದ ಜಾಗದಲ್ಲಿ ಹಕ್ಕಿಗಳ ಸಂತೆ ನೆರೆದಿತ್ತು.

ವಿಮಾನಕ್ಕೆ ಹಕ್ಕಿಗಿಂತ ದೊಡ್ಡ ಶತ್ರು ಇಲ್ಲ. ಅಷ್ಟು ಹಕ್ಕಿಗಳನ್ನು ಕಂಡರೆ ಆ ಅಧಿಕಾರಿ ಇಳಿಯುವುದಿರಲಿ, ಮೇಲಿನಿಂದಲೇ ಆಗದು ಎಂದು ಬರೆದು ತಿರುಗುತ್ತಿದ್ದರು. ಮುರುಗೇಶಣ್ಣ ಟವೆಲ್ ಬೀಸುತ್ತ ಪಟ್ಟಿಯ ಮೇಲೆ ಓಡುತ್ತಿದ್ದರು. ಈ ಕಡೆ ಓಡಿಸಿದರೆ ಆ ಕಡೆ ಇಳಿಯುತ್ತಿದ್ದವು. ಐವತ್ತು ದಾಟಿದ ಮನುಷ್ಯ ತನ್ನ ಹೆಸರಿಗಾಗಿ ಹಾಗೆ ಓಡುವುದನ್ನು ನೋಡಿ ನಾನು ಅಲ್ಲೇ ಕೂತು ಅಳಲು ಶುರು ಮಾಡಿದೆ. ಹುಲ್ಲು ಕೊಯ್ದವಳೂ ನಾನೇ, ಬೆಲ್ಲ ಸುರಿದವಳೂ ನಾನೇ.

"ಏನ್ ಮಾರಾಯ್ತಿ, ಆಫೀಸರ್ ಆಗಿ ಹಿಂಗ್ ಕೂತಿದೀಯ?" ಗಂಗಮ್ಮ ತಲೆಯ ಮೇಲೆ ಒಂದು ಚೀಲ ಹೊತ್ತು ಬಂದಿದ್ದಳು. ಹಿಂದೆ ಇನ್ನೂ ಏಳೆಂಟು ಹೆಂಗಸರು, ಕೆಲವರ ತಲೆಯ ಮೇಲೆ ಚೀಲ, ಉಳಿದವರ ಕೈಯಲ್ಲಿ ಪೊರಕೆ, ಬೂದಿಯ ಬುಟ್ಟಿ. "ಓಡ್ಸಿದ್ರೆ ಹೋಗ್ತಾವಾ ಅವು? ಹೊಟ್ಟೆಗೆ ಬೇರೆ ಕಡೆ ಹಾಕ್ಬೇಕು. ಗದ್ದೇಲಿ ನಾವ್ ಮಾಡೋದೂ ಹಿಂಗೇ, ಒಂದು ಮೂಲೆ ಅವಕ್ಕೆ ಅಂತ ಬಿಡ್ತೀವಿ. ಎಲ್ಲಿ ಹಾಕ್ಲಿ ಹೇಳು."

ಪಟ್ಟಿಯಿಂದ ಬಹಳ ದೂರಕ್ಕೆ, ನಾಲೆಯ ಏರಿಯ ಆಚೆ ತೋರಿಸಿದೆ. ಅವರು ಹೋಗಿ ಚೀಲ ಬಿಚ್ಚಿ ಸುರಿದರು. ಜೊಳ್ಳಲ್ಲ, ತೂರಿ ಹಸನು ಮಾಡಿದ ಭತ್ತ. ಆ ವರ್ಷದ ಅವರ ಬೆವರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಮೊದಲು ಪಾರಿವಾಳಗಳು ಹೋದವು, ಹಿಂದೆ ಗುಬ್ಬಿಗಳು. ಉಳಿದ ಹೆಂಗಸರು ತೆಂಗಿನ ಕಡ್ಡಿಯ ಪೊರಕೆ ಹಿಡಿದು ಅಂಕಿಗಳ ಮೇಲಿನ ಗೊದ್ದಗಳನ್ನು ಗುಡಿಸಿ, ಸುತ್ತಲೂ ಒಲೆ ಬೂದಿ ಚೆಲ್ಲಿದರು. ಬೂದಿ ದಾಟಿ ಇರುವೆ ಬರುವುದಿಲ್ಲವಂತೆ, ಬರಲಿಲ್ಲ. ತಿನ್ನಲು ಏನೂ ಸಿಗದೆ ಗೊರವಂಕಗಳೂ ಏರಿಯ ಕಡೆ ಹಾರಿದವು. ಬೆಳ್ಳಕ್ಕಿಗಳನ್ನು ಮುರುಗೇಶಣ್ಣ ನೋಡಿಕೊಂಡರು. ಕೊನೆಯದನ್ನು ಓಡಿಸಿ ಅವರು ಸೊಂಟ ಹಿಡಿದು ನಿಲ್ಲುವುದಕ್ಕೂ ವಿಮಾನದ ಸದ್ದು ಕೇಳುವುದಕ್ಕೂ ಸರಿಹೋಯಿತು.

ವಿಮಾನ ಎರಡು ಸುತ್ತು ಹಾಕಿ ಇಳಿಯಿತು. ಅಷ್ಟು ಹತ್ತಿರದಿಂದ ವಿಮಾನವನ್ನು ನಾನು ನೋಡಿದ್ದು ಅದೇ ಮೊದಲು ಎಂದು ಈಗ ಹೇಳಬಹುದು, ಆಗ ಯಾರಿಗೂ ಹೇಳಿರಲಿಲ್ಲ. ಅಧಿಕಾರಿ ಕನ್ನಡದವರೇ, ಮಾತು ಕಡಿಮೆ. ಪಟ್ಟಿಯ ಉದ್ದಕ್ಕೂ ನಡೆದರು. ನಾನು, ನಮ್ಮ ಸಾಹೇಬರು, ಮುರುಗೇಶಣ್ಣ ಹಿಂದೆ ಹಿಂದೆ ನಡೆದೆವು. ಅಂಕಿಯ ಹತ್ತಿರ ಬಂದವರು ಬಗ್ಗಿ ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿದರು.

"ಇದೇನಮ್ಮ, ಬೆಲ್ಲದ ವಾಸನೆ?"

ನಮ್ಮ ಸಾಹೇಬರು ಕೆಮ್ಮಿದರು. ಸುಳ್ಳು ಹೇಳಿ ಉಪಯೋಗವಿಲ್ಲ ಎನ್ನಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಪ್ಪಾಜಿಯ ಗೋದಾಮಿನಿಂದ ಹಿಡಿದು ನಾಲೆಯ ಏರಿಯ ಭತ್ತದ ತನಕ. ಅವರು ಮುರುಗೇಶಣ್ಣನ ಕಡೆ ತಿರುಗಿದರು.

"ಇಲ್ಲಿ ಗಾಳಿ ಹೇಗೆ?"

"ಬೆಳಿಗ್ಗೆ ಇರಲ್ಲ ಸಾರ್. ಹತ್ತರ ಮೇಲೆ ಏಳುತ್ತೆ. ಪೇಪರ್ ಮಿಲ್ಲಿನ ವಾಸನೆ ಬಂತು ಅಂದ್ರೆ ಭದ್ರಾವತಿ ಕಡೆಯಿಂದ ಅಂತ ಲೆಕ್ಕ. ಮಳೆಗಾಲದಲ್ಲಿ ಆ ತುದೀಲಿ ಇಳಿಬೇಡಿ ಅಂತ ಬರ್ಕೊಳ್ಳಿ ಸಾರ್, ಅಲ್ಲಿ ಮೂರು ದಿನ ನೀರು ಇಂಗಲ್ಲ. ಎಮ್ಮೆ ಬರೋದು ಮೂರೂವರೆಗೆ."

ಅವರು ನಿಜವಾಗಿಯೂ ಬರೆದುಕೊಂಡರು. ಆಮೇಲೆ ಕೇಳಿದರು, "ನೀವಿಲ್ಲಿ ಏನಾಗಿದೀರಿ?"

ಮುರುಗೇಶಣ್ಣ ಹೆಗಲಿನ ಟವೆಲ್ ಕೆಳಗಿಳಿಸಿದರು. "ಪೇಪರ್‌ನಲ್ಲಿ ನಾನು ಹುಲ್ಲು ಸಾರ್," ಎಂದರು. "ಈಗ ಅದೂ ಇಲ್ಲ."

ತಮಾಷೆಗೆ ಹೇಳಿದ ಮಾತಲ್ಲ ಅದು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ಕೊಟ್ಟ ಉತ್ತರ. ಅಧಿಕಾರಿಗೆ ಅರ್ಥವಾಗಲಿಲ್ಲ. ನಾನೇ ಮುಂದೆ ಬಂದು ನನ್ನ ಟಿಪ್ಪಣಿಯ ಕಥೆ ಹೇಳಿದೆ, ಈ ತಪ್ಪು ನನ್ನದು ಎಂದೆ. ಪಕ್ಕದಲ್ಲಿ ನಮ್ಮ ಸಾಹೇಬರು ನನ್ನ ಪ್ರೊಬೇಷನ್ನಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಡುತ್ತಿದ್ದರು ಎಂದು ಕಾಣುತ್ತದೆ. ಅಧಿಕಾರಿ ಚೀಟಿಯಲ್ಲಿ ಇನ್ನೊಂದು ಸಾಲು ಬರೆದು, ಗಂಗಮ್ಮ ಕೊಟ್ಟ ಮಜ್ಜಿಗೆ ಕುಡಿದು, ವಿಮಾನ ಹತ್ತಿ ಹೋದರು.

ವರದಿಯಲ್ಲಿ ಪಟ್ಟಿ ಬಳಕೆಗೆ ಯೋಗ್ಯ ಎಂದಿತ್ತು. ಎರಡು ಷರತ್ತುಗಳಿದ್ದವು. ಗುರುತುಗಳನ್ನು ಮೂರು ತಿಂಗಳೊಳಗೆ ಸರಿಯಾದ ಬಣ್ಣದಲ್ಲಿ ಬರೆಸತಕ್ಕದ್ದು. ಸ್ಥಳದ ಗಾಳಿ, ನೀರು, ಜಾನುವಾರುಗಳ ಬಗ್ಗೆ ಪೂರ್ಣ ತಿಳಿವಳಿಕೆ ಇರುವ ಈಗಿನ ಕಾವಲುಗಾರರನ್ನೇ ಕಾಯಂ ಆಗಿ ನೇಮಿಸತಕ್ಕದ್ದು.

ನಿಮಗೆ ಮುಂದಿನ ಕಥೆ ಗೊತ್ತಿರಬಹುದು. ಆ ಪಟ್ಟಿಗೆ ದಿನಾ ಬರುವ ವಿಮಾನ ಯಾವತ್ತೂ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅದು ಸೈಟುಗಳೇ ಆಯಿತು. ಮುರುಗೇಶಣ್ಣ ಅಷ್ಟರಲ್ಲಿ ನೀರಿನ ಟ್ಯಾಂಕಿನ ಕಾವಲಿಗೆ ಹೋಗಿ, ಅಲ್ಲೇ ನಿವೃತ್ತರಾಗಿ, ಪಿಂಚಣಿ ತಿಂದು ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ನಾನು ಆಮೇಲೆ ಎಷ್ಟೋ ರಸ್ತೆ ಮಾಡಿಸಿದೆ, ಎರಡು ಸೇತುವೆ ಕಟ್ಟಿಸಿದೆ. ಯಾವ ಕಾಗದಕ್ಕೆ ಸಹಿ ಹಾಕುವಾಗಲೂ ಈ ಸಾಲಿನ ಹಿಂದೆ ಯಾರಾದರೂ ಮನುಷ್ಯರು ಇದ್ದಾರೆಯೇ ಎಂದು ಒಮ್ಮೆ ಕೇಳಿ ನೋಡುವುದನ್ನು ಆ ಸುಗ್ಗಿ ನನಗೆ ಕಲಿಸಿತು. ನನ್ನ ಎರಡು ದೊಡ್ಡ ತಪ್ಪುಗಳನ್ನು ಒಬ್ಬರು ಸಹಿಸಿಕೊಂಡರು, ಇನ್ನೊಬ್ಬಳು ತನ್ನ ಭತ್ತ ಸುರಿದು ಮುಚ್ಚಿದಳು. ಗುರುಗಳು ಯಾರು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಇಬ್ಬರ ಹೆಸರನ್ನೇ.

ನೇಮಕದ ಆದೇಶ ಬಂದದ್ದು ಸಂಕ್ರಾಂತಿ ಕಳೆದು ಒಂದು ತಿಂಗಳಿಗೆ. ನಾನೇ ತೆಗೆದುಕೊಂಡು ಹೋದೆ. ಮುರುಗೇಶಣ್ಣ ಕೈ ತೊಳೆದುಕೊಂಡು ಬಂದು ನಿಂತರು, ಆದರೆ ಕಾಗದವನ್ನು ತೆಗೆದುಕೊಳ್ಳಲಿಲ್ಲ, ಓದಿ ಮೇಡಮ್ ಎಂದರು. ಓದಿದೆ. ಶ್ರೀ ಆರ್. ಮುರುಗೇಶ್, ಕಾವಲುಗಾರ. ಇನ್ನೊಂದು ಸಲ ಓದಿಸಿದರು.

"ಹುಲ್ಲು ಅಂತ ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ ಮುರುಗೇಶಣ್ಣ."

ಅವರು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಬಹಳ ಸಂಕೋಚದಿಂದ, "ಒಂದು ಅರ್ಜಿ ಬರೆದು ಕೊಡ್ತೀರಾ ಮೇಡಮ್?" ಎಂದರು.

"ಏನು ಅರ್ಜಿ?"

"ರಜಾ ಅರ್ಜಿ. ನಾಳೆ ಒಂದಿನ."

ದಿನಗೂಲಿಯವರಿಗೆ ರಜೆ ಎಂಬುದಿಲ್ಲ. ಬರದ ದಿನ ಕೂಲಿ ಇಲ್ಲ, ನಾಲ್ಕು ದಿನ ಬರದಿದ್ದರೆ ಕೆಲಸವೂ ಇಲ್ಲ. ಮಗಳ ಮದುವೆಯ ದಿನವೂ ಧಾರೆ ಮುಗಿಸಿ ಸೈಕಲ್ ಹತ್ತಿ ಬಂದಿದ್ದೆ ಎಂದು ಅವರು ಆಗ ಹೇಳಿದರು. ನಾನು ಕಾಗದ ತೆಗೆದೆ.

"ಕಾರಣ ಏನು ಅಂತ ಬರೀಲಿ?"

"ಕಾರಣ ಏನಿಲ್ಲ ಮೇಡಮ್. ಸುಮ್ನೆ ಮನೇಲಿ ಕೂತ್ಕೋಬೇಕು."

ಸ್ವಂತ ಕೆಲಸದ ನಿಮಿತ್ತ ಎಂದು ಬರೆದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಕೆಳಗೆ ನಾನು ಮಂಜೂರು ಎಂದು ಬರೆದು ಸಹಿ ಹಾಕಿದೆ.

ಬದಲಿಗೆ ಯಾರೂ ಇರಲಿಲ್ಲ. ಮರುದಿನ ಮೊದಲ ಬಸ್ಸಿನಲ್ಲಿ ಹೋಗಿ ಬೀಗ ತೆಗೆದು, ಬೆಳಗಿನಿಂದ ಸಂಜೆಯ ತನಕ ವಿಮಾನದ ಬಯಲನ್ನು ನಾನೇ ಕಾದೆ. ಮೂರೂವರೆಗೆ ಸರಿಯಾಗಿ ಎಮ್ಮೆಗಳು ಬಂದವು, ನನ್ನ ಮಾತು ಒಂದೂ ಕೇಳಲಿಲ್ಲ. ಕೋಲು ಹಿಡಿದು ಓಡುತ್ತಿದ್ದ ನನ್ನನ್ನು ಏರಿಯ ಮೇಲಿಂದ ನೋಡಿದ ಗಂಗಮ್ಮ ಕೂಗಿದಳು, "ಇದೇನು ಮಾರಾಯ್ತಿ, ಮುರುಗೇಶಣ್ಣ ಎಲ್ಲಿ?"

"ರಜೆ ಮೇಲಿದಾರೆ," ಎಂದು ಕೂಗಿ ಹೇಳಿದೆ. ಆ ಮಾತನ್ನು ಆ ದಿನ ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ.